ಕೋಷ್ಠಕದಲ್ಲಿ ಚಿತ್ರವಿನ್ಯಾಸ

'ಕೋಷ್ಠ' ಎಂಬ ಸಂಸ್ಕೃತ ಶಬ್ದಕ್ಕೆ ಒಳಮನೆ, ಕಣಜ, ಉಗ್ರಾಣ, ಉದರ ಎಂಬ ಅರ್ಥಗಳುಂಟು. ಅದರಿಂದ ನಿಷ್ಪನ್ನವಾದ 'ಕೋಷ್ಠಕ'ವು ಕನ್ನಡದ ಬಳಕೆಯಲ್ಲಿ 'ಕೋಷ್ಟಕ'ವೂ ಆಗಿ, ಅಡ್ಡಗೆರೆ ನೀಟಗೆರೆಗಳಿಂದ ವಿಭಾಗಿಸಲ್ಪಟ್ಟ ಪಟ್ಟಿಕೆಗೆ ರೂಢವಾಗಿದೆ. ಪಗಡೆಯ ಹಾಸಿನಲ್ಲಿಯೂ ಚದುರಂಗದ ಹಲಗೆಯಲ್ಲಿಯೂ ಇರುವ ಒಂದೊಂದು ಚೌಕವನ್ನು ಕನ್ನಡಿಗರು 'ಮನೆ' ಎಂದೇ ಕರೆಯುತ್ತ ಬಂದಿದ್ದಾರೆ. ಗಣಕಯಂತ್ರದ ಸ್ಪ್ರೆಡ್‌ಶೀಟಿನಲ್ಲಿ 'ಸೆಲ್' ಎಂದು ವ್ಯವಹರಿಸಲ್ಪಡುವ ಅಂಗವನ್ನೂ ಮನೆಯೆಂದು ಕರೆಯುವುದರಲ್ಲಿ ಬಾಧಕವೇನೂ ಇಲ್ಲ. ಆ ಮನೆಗಳ ನಡುವೆ ಭಾವಚಿತ್ರಗಳನ್ನೂ ಆಕೃತಿಗಳನ್ನೂ ಓರಣವಾಗಿ ನಿಲ್ಲಿಸುವ ಕ್ರಮವು ಇಲ್ಲಿಯ ವಿಷಯ. ಶಾಲೆಯ ದಾಖಲೆಪುಸ್ತಕವೂ ಪ್ರಸಾದನಿಲಯದ ವಿದ್ಯಾರ್ಥಿಪಟ್ಟಿಯೂ ದಾಸೋಹಿಗಳ ನಾಮಾವಳಿಯೂ ಇಂದು ಬಹುಮಟ್ಟಿಗೆ ಈ ಹಾಳೆಗಳಲ್ಲಿಯೇ ಸಿದ್ಧವಾಗುತ್ತಿರುವುದರಿಂದ, ಅಧ್ಯಾಪಕವರ್ಗಕ್ಕೆ ಇದರ ಪರಿಚಯವು ಅನಾವಶ್ಯಕವೆನಿಸಲಾರದು.

ಗಣಕದ ಕೋಷ್ಠಕವು ಹೊಸದಾದರೂ ಕೋಷ್ಠಕದ ಬುದ್ಧಿಯು ಹೊಸದಲ್ಲ. ಛಂದಶ್ಶಾಸ್ತ್ರದ ಷಟ್‌ಪ್ರತ್ಯಯಗಳಲ್ಲಿ ಮೊದಲನೆಯದಾದ ಪ್ರಸ್ತಾರವು ಶುದ್ಧವಾದ ಕೋಷ್ಠಕವೇ ಸರಿ. ಹತ್ತನೆಯ ಶತಮಾನದ ನಾಗವರ್ಮನು ತನ್ನ 'ಛಂದೋಂಬುಧಿ'ಯಲ್ಲಿ ಕನ್ನಡಕ್ಕೆ ತಂದ ಆ ಶಾಸ್ತ್ರದಲ್ಲಿ, ಮೂರಕ್ಷರದ ಗಣಗಳು ಎಂಟೇ ಏಕೆ ಎಂಬುದಕ್ಕೆ ಪ್ರಸ್ತಾರವೇ ಪ್ರಮಾಣ. ಮೊದಲ ಕಂಬಸಾಲಿನಲ್ಲಿ ಗುರು ಲಘುಗಳು ಒಂದೊಂದಾಗಿಯೂ, ಎರಡನೆಯದರಲ್ಲಿ ಎರಡೆರಡಾಗಿಯೂ, ಮೂರನೆಯದರಲ್ಲಿ ನಾಲ್ನಾಲ್ಕಾಗಿಯೂ ಬರುವಂತೆ ಬರೆದರೆ, ಮ, ಯ, ರ, ಸ, ತ, ಜ, ಭ, ನ ಎಂಬ ಕ್ರಮದಲ್ಲಿ ಎಂಟು ಅಡ್ಡಸಾಲುಗಳು ತಾವಾಗಿ ಹುಟ್ಟುತ್ತವೆ. ಈಗ ಯಾರಾದರೂ ಗಣಗಳ ಹೆಸರಿನ ಸಾಲನ್ನು ಮಾತ್ರ ಅಕಾರಾದಿಯಾಗಿ ಜೋಡಿಸಿ, ಗುರು ಲಘು ಚಿಹ್ನೆಗಳನ್ನು ಇದ್ದಲ್ಲಿಯೇ ಬಿಟ್ಟರೆಂದು ಭಾವಿಸೋಣ. ಹೆಸರುಗಳು ಜ, ತ, ನ, ಭ, ಮ, ಯ, ರ, ಸ ಎಂದಾಗುವುವು. ಮೂರು ಗುರುಗಳ ಮುಂದೆ ಮಗಣದ ಬದಲು ಜಗಣವು ಬಂದು ಕುಳಿತುಕೊಳ್ಳುವುದು. ಮೂರು ಲಘುಗಳ ಮುಂದೆ ನಗಣದ ಬದಲು ಸಗಣ. ಎಂಟರಲ್ಲಿ ಒಂದಾದರೂ ಸರಿಯಾದ ಹೆಸರಿಗೆ ಹೊಂದದು. ಆದರೆ ಗೆರೆಗಳು ನೇರವಾಗಿಯೇ ಇರುವುವು, ಅಕ್ಷರಗಳು ದುಂಡಾಗಿಯೇ ಇರುವುವು. ಶಾಸ್ತ್ರವನ್ನು ಅರಿಯದವನ ಕಣ್ಣಿಗೆ ದೋಷವೇ ಕಾಣದು. ಈ ದೃಷ್ಟಾಂತವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಮುಂದೆ ಇದರ ಪ್ರಯೋಜನವುಂಟು.

ಗಣಕದ ಕೋಷ್ಠಕದ ಇತಿಹಾಸವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಅಮೆರಿಕದ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬವರು ಆಪಲ್ ಯಂತ್ರಕ್ಕಾಗಿ ರಚಿಸಿದ 'ವಿಸಿಕ್ಯಾಲ್ಕ್' ೧೯೭೯ರಲ್ಲಿ ಹೊರಬಂದಿತು. ೧೯೮೩ರಲ್ಲಿ 'ಲೋಟಸ್', ೧೯೮೫ರಲ್ಲಿ ಮೈಕ್ರೋಸಾಫ್ಟಿನ 'ಎಕ್ಸೆಲ್' ಬಂದುವು. ೨೦೦೭ರ ಆವೃತ್ತಿಯಿಂದ ಎಕ್ಸೆಲ್ಲಿನ ಒಂದು ಹಾಳೆಯಲ್ಲಿ ೧೦,೪೮,೫೭೬ ಅಡ್ಡಸಾಲುಗಳೂ ೧೬,೩೮೪ ಕಂಬಸಾಲುಗಳೂ ಇವೆ. ಹುಟ್ಟಿನಿಂದ ಇದು ಲೆಕ್ಕಿಗನ ಉಪಕರಣ. ಅಂಕೆಗಳಿಗೆಂದು ಕಟ್ಟಿದ ಕಣಜ. ಚಿತ್ರವು ಇಲ್ಲಿಗೆ ತರುವಾಯ ಬಂದ ಅತಿಥಿ. ಈ ವಿಷಯದಲ್ಲಿ ಬರುವ ತೊಡಕುಗಳಲ್ಲಿ ಬಹುಪಾಲು ಈ ಒಂದು ಸಂಗತಿಯಿಂದಲೇ ಹುಟ್ಟಿದವು.

ಏಕೆಂದರೆ, ಸಾಮಾನ್ಯ ರೀತಿಯಲ್ಲಿ ಸೇರಿಸಿದ ಚಿತ್ರವು ಮನೆಯ ಒಳಗೆ ಇರುವುದಿಲ್ಲ. ಮನೆಯ ಮೇಲೆ ಇರುತ್ತದೆ. ಬರೆದ ಹಾಳೆಯ ಮೇಲೆ ಗಾಜಿನ ಹಲಗೆಯೊಂದನ್ನು ಹಾಸಿ, ಆ ಗಾಜಿನ ಮೇಲೆ ಭಾವಚಿತ್ರವನ್ನು ಇರಿಸಿದಂತೆ. ಕಣ್ಣಿಗೆ ಹೆಸರೂ ಮುಖವೂ ಒಂದೇ ಸಾಲಿನಲ್ಲಿವೆ. ಆದರೆ ಹೆಸರು ಹಾಳೆಗೆ ಸೇರಿದ್ದು, ಮುಖವು ಗಾಜಿಗೆ ಸೇರಿದ್ದು. ಇವೆರಡಕ್ಕೂ ಸಂಬಂಧವನ್ನು ಕಲ್ಪಿಸುವ ಕಾರ್ಯವು ಪಟ್ಟಿಯನ್ನು ಮಾಡುವವನದೇ ಹೊರತು ಯಂತ್ರದ್ದಲ್ಲ.

ಈ ಸಂಬಂಧವು ಮೂರು ವಿಧ. ಚಿತ್ರದ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ, 'ಸೈಜ್ ಅಂಡ್ ಪ್ರಾಪರ್ಟೀಸ್' ಎಂಬುದನ್ನು ತೆರೆದರೆ ಅವು ಕಾಣುತ್ತವೆ. ಮನೆಯು ಸರಿದರೆ ತಾನೂ ಸರಿದು, ಮನೆಯು ಹಿಗ್ಗಿ ಕುಗ್ಗಿದರೆ ತಾನೂ ಹಿಗ್ಗಿ ಕುಗ್ಗುವುದು ಮೊದಲನೆಯದು. ಇದರ ಹೆಸರು 'ಮೂವ್ ಅಂಡ್ ಸೈಜ್ ವಿತ್ ಸೆಲ್ಸ್'. ಮನೆಯೊಡನೆ ಸರಿಯುವುದುಂಟು, ಆದರೆ ಗಾತ್ರವು ಬದಲಾಗದು ಎಂಬುದು ಎರಡನೆಯದು. ಮನೆಗೆ ಏನಾದರೂ ಆಗಲಿ, ತಾನು ಇದ್ದಲ್ಲಿಯೇ ಇರುವುದು ಮೂರನೆಯದು. ಲಾಂಛನ, ಮುದ್ರೆ, ಪುಟದ ಮೇಲ್ಭಾಗದ ಅಲಂಕಾರಗಳಿಗೆ ಮೂರನೆಯದು ಯೋಗ್ಯ. ವಿದ್ಯಾರ್ಥಿಯ ಭಾವಚಿತ್ರಕ್ಕೆ ಅದು ಸರ್ವಥಾ ವರ್ಜ್ಯ.

ಏಕೆ ವರ್ಜ್ಯವೆಂಬುದನ್ನು ಉದಾಹರಣೆಯಿಂದ ತಿಳಿಯಬಹುದು. ಪ್ರಸಾದನಿಲಯವೊಂದರಲ್ಲಿ ಮುನ್ನೂರು ಮಕ್ಕಳಿದ್ದಾರೆನ್ನೋಣ. ಪಟ್ಟಿಯು ಪ್ರವೇಶಸಂಖ್ಯೆಯ ಕ್ರಮದಲ್ಲಿದೆ. ಪ್ರತಿ ಸಾಲಿನಲ್ಲಿ ಸಂಖ್ಯೆ, ಹೆಸರು, ಊರು, ಪೋಷಕರ ದೂರವಾಣಿ, ರಕ್ತದ ಗುಂಪು, ಮತ್ತು ಭಾವಚಿತ್ರ. ಒಂದು ದಿನ ಪಟ್ಟಿಯನ್ನು ಅಕಾರಾದಿಯಾಗಿ ಬೇಕೆಂದು ಯಾರೋ ಕೇಳುತ್ತಾರೆ. ಗುಮಾಸ್ತನು ಒಂದು ಗುಂಡಿಯನ್ನು ಒತ್ತುತ್ತಾನೆ. ಸಂಖ್ಯೆ, ಹೆಸರು, ಊರು ಎಲ್ಲವೂ ಕ್ಷಣಮಾತ್ರದಲ್ಲಿ ಹೊಸ ಕ್ರಮಕ್ಕೆ ಬರುತ್ತವೆ. ಮುಖಗಳು ಮಾತ್ರ ಗಾಜಿನ ಮೇಲೆ ಹಳೆಯ ಜಾಗದಲ್ಲಿಯೇ ಉಳಿಯುತ್ತವೆ. ಮಗಣದ ಮುಂದೆ ಜಗಣ. ಪುಟವು ಮೊದಲಿನಂತೆಯೇ ಓರಣವಾಗಿದೆ. ಓರಣವಾಗಿರುವುದರಿಂದಲೇ ಯಾರಿಗೂ ಸಂಶಯವು ಬಾರದು. ಹೊಸದಾಗಿ ಬಂದ ನಿಲಯಪಾಲಕನು ಮಕ್ಕಳ ಮುಖವನ್ನು ಬಲ್ಲವನಲ್ಲ; ಪಟ್ಟಿಯನ್ನೇ ನಂಬುತ್ತಾನೆ. ರಾತ್ರಿ ಜ್ವರ ಬಂದ ಹುಡುಗನ ತಂದೆಗೆ ಹೋಗಬೇಕಾದ ಕರೆಯು ಬೇರೆಯ ಊರಿನ ಬೇರೆಯ ತಂದೆಗೆ ಹೋಗುತ್ತದೆ. ವೈದ್ಯನ ಕೈಗೆ ಬೇರೆಯ ಹುಡುಗನ ರಕ್ತದ ಗುಂಪು ಸೇರುತ್ತದೆ. ಅಂಕೆಯು ತಪ್ಪಿದರೆ ಮೊತ್ತವು ಕೂಡದೆ ಸುಳಿವು ಕೊಡುತ್ತದೆ. ಮುಖವು ತಪ್ಪಿದರೆ ಸುಳಿವು ಕೊಡುವವರಿಲ್ಲ.

ಹಾಗಾದರೆ ಮೊದಲನೆಯ ಸಂಬಂಧವನ್ನು ಆರಿಸಿಕೊಂಡ ಮಾತ್ರಕ್ಕೆ ನಿಶ್ಚಿಂತೆಯೇ? ಅಲ್ಲ. ಚಿತ್ರವು ತನ್ನ ಮನೆಯ ನಾಲ್ಕು ಗೆರೆಗಳ ಒಳಗೆ ಸಂಪೂರ್ಣವಾಗಿ ಅಡಗಿರಬೇಕು. ಕೂದಲೆಳೆಯಷ್ಟು ಕೆಳಗಿನ ಮನೆಗೆ ಚಾಚಿದ್ದರೂ ಮರುಜೋಡಣೆಯಲ್ಲಿ ಅದರ ಗತಿಯು ಅನಿಶ್ಚಿತ. ಎಕ್ಸೆಲ್ಲಿನ 'ಆಪ್ಷನ್ಸ್' ಎಂಬಲ್ಲಿ 'ಅಡ್ವಾನ್ಸ್ಡ್' ವಿಭಾಗದೊಳಗೆ, ಸೇರಿಸಿದ ವಸ್ತುಗಳನ್ನು ಅವುಗಳ ಮನೆಯೊಡನೆಯೇ ಕತ್ತರಿಸಿ, ನಕಲಿಸಿ, ವಿಂಗಡಿಸುವುದಕ್ಕೆ ಒಪ್ಪಿಗೆ ಕೊಡುವ ಒಂದು ಗುರುತು ಇದೆ, ಅದೂ ಹಾಕಿದ್ದಿರಬೇಕು. ಇಲ್ಲಿ ಅಂದವೆಂಬುದು ಅಲಂಕಾರವಲ್ಲ, ಅರ್ಥದ ರಕ್ಷಣೆ ಎಂಬುದು ಇದರಿಂದ ವಿಶದವಾಗುತ್ತದೆ.

ಎರಡನೆಯ ಸಂಬಂಧದಲ್ಲಿಯೂ ಒಂದು ತೊಡಕು ಉಂಟು. ಎಂಟನೆಯ ತರಗತಿಯವರನ್ನು ಮಾತ್ರ ಕಾಣಬೇಕೆಂದು ಉಳಿದ ಸಾಲುಗಳನ್ನು ಮರೆಮಾಡಿದರೆ, ಗಾತ್ರವು ಕುಗ್ಗದ ಚಿತ್ರಗಳು ಮರೆಯಾಗಲಾರದೆ, ಉಳಿದ ಸಾಲುಗಳ ಮೇಲೆ ಒಂದರ ಮೇಲೊಂದು ರಾಶಿಯಾಗಿ ಬೀಳುತ್ತವೆ. ಮೊದಲನೆಯ ಸಂಬಂಧದಲ್ಲಾದರೆ ಸಾಲಿನೊಡನೆ ಚಿತ್ರವೂ ಮಡಿಸಿಕೊಳ್ಳುತ್ತದೆ. ಆದರೆ ಅದಕ್ಕೆ ತೆರಬೇಕಾದ ಬೆಲೆಯೊಂದಿದೆ: ತರುವಾಯ ಸಾಲಿನ ಎತ್ತರವನ್ನು ಬದಲಿಸಿದರೆ ಮುಖವು ಚಪ್ಪಟೆಯಾಗುತ್ತದೆ, ಇಲ್ಲವೆ ನೀಳವಾಗುತ್ತದೆ. ಆದುದರಿಂದ ಮನೆಯ ಅಳತೆಯು ಮೊದಲು, ಚಿತ್ರವು ಅನಂತರ. ಗೋಡೆ ಕಟ್ಟಿದ ಮೇಲೆ ತಾನೆ ಪಟವನ್ನು ತೂಗುಹಾಕುವುದು?

ಅಳತೆಯ ವಿಚಾರದಲ್ಲಿ ಎಕ್ಸೆಲ್ಲಿನ ಪದ್ಧತಿಯು ವಿಲಕ್ಷಣವಾದುದು. ಸಾಲಿನ ಎತ್ತರವನ್ನು ಅದು ಮುದ್ರಕರ 'ಪಾಯಿಂಟು'ಗಳಲ್ಲಿ ಹೇಳುತ್ತದೆ. ೭೨ ಪಾಯಿಂಟಿಗೆ ಒಂದು ಅಂಗುಲ. ಕಂಬಸಾಲಿನ ಅಗಲವನ್ನಾದರೋ ಅದರಲ್ಲಿ ಹಿಡಿಯುವ ಅಕ್ಷರಗಳ ಸಂಖ್ಯೆಯಿಂದ ಹೇಳುತ್ತದೆ. ಎತ್ತರವನ್ನು ಗಜದಿಂದಲೂ ಅಗಲವನ್ನು ಸೇರಿನಿಂದಲೂ ಅಳೆದಂತೆ! ಚೌಕವಾದ ಮನೆ ಬೇಕೆಂದು ಎರಡಕ್ಕೂ ಒಂದೇ ಅಂಕೆಯನ್ನು ಕೊಟ್ಟವರು ಉದ್ದನೆಯ ಪಟ್ಟಿಯನ್ನು ಕಂಡು ಬೆರಗಾಗುವುದು ಇದರಿಂದಲೇ. 'ಪೇಜ್ ಲೇಔಟ್' ಎಂಬ ನೋಟಕ್ಕೆ ಹಾಳೆಯನ್ನು ತಂದರೆ ಎರಡೂ ಅಳತೆಗಳು ಸೆಂಟಿಮೀಟರಿನಲ್ಲಿಯೋ ಅಂಗುಲದಲ್ಲಿಯೋ ದೊರೆಯುವುದರಿಂದ, ಚಿತ್ರಗಳ ಕೆಲಸವನ್ನು ಆ ನೋಟದಲ್ಲಿ ಆರಂಭಿಸುವುದು ಲೇಸು.

ಮುನ್ನೂರು ಮಕ್ಕಳ ಪಟ್ಟಿಗೆ ೧.೬ ಸೆಂಟಿಮೀಟರು ಅಗಲ, ೨ ಸೆಂಟಿಮೀಟರು ಎತ್ತರದ ಚಿತ್ರವು ಸಾಕು. ೨ ಸೆಂಟಿಮೀಟರೆಂದರೆ ಸುಮಾರು ೫೭ ಪಾಯಿಂಟು. ಸಾಲಿಗೆ ೬೦ ಪಾಯಿಂಟು ಕೊಟ್ಟರೆ ಮೇಲೂ ಕೆಳಗೂ ಒಂದೂವರೆ ಪಾಯಿಂಟಿನ ತೆರವು ಉಳಿಯುತ್ತದೆ. ಎ-೪ ಹಾಳೆಯನ್ನು ಉದ್ದುದ್ದವಾಗಿ ಹಿಡಿದು, ಅಂಚುಗಳನ್ನೂ ತಲೆಬರಹದ ಸಾಲನ್ನೂ ಕಳೆದರೆ ಪುಟಕ್ಕೆ ಹನ್ನೊಂದು ಹೆಸರು. ಒಟ್ಟು ೨೮ ಪುಟ. ಚಿತ್ರವನ್ನು ೪.೫ ಸೆಂಟಿಮೀಟರು ಎತ್ತರಕ್ಕೆ ಏರಿಸಿದರೆ ಪುಟಕ್ಕೆ ಐದೇ ಹೆಸರು ಹಿಡಿದು ಅರವತ್ತು ಪುಟವಾಗುತ್ತದೆ. ಕಾಗದದ ಬೆಲೆಯನ್ನು ಬಲ್ಲವರಿಗೆ ಆಯ್ಕೆಯು ಕಷ್ಟವಲ್ಲ.

ಚಿತ್ರಗಳು ನಾನಾ ಕಡೆಯಿಂದ ಬಂದವು. ಒಂದು ಚೌಕ, ಒಂದು ನೀಳ, ಒಂದು ಮದುವೆಯ ಗುಂಪಿನಿಂದ ತೆಗೆದದ್ದು. ಇವೆಲ್ಲಕ್ಕೂ ಒಂದೇ ಎತ್ತರವನ್ನು ವಿಧಿಸಿದರೆ ಅಗಲಗಳು ಬೇರೆಬೇರೆಯಾಗುವುವು. ಅಗಲವನ್ನೂ ಬಲಾತ್ಕಾರದಿಂದ ಸಮಮಾಡಿದರೆ ಮುಖಗಳು ವಿಕಾರಗೊಳ್ಳುವುವು. ಆದುದರಿಂದ ಮೊದಲು 'ಕ್ರಾಪ್' ಎಂಬ ಉಪಕರಣದಿಂದ ಎಲ್ಲವನ್ನೂ ನಾಲ್ಕಕ್ಕೆ ಐದು ಎಂಬ ಪ್ರಮಾಣಕ್ಕೆ ಕತ್ತರಿಸಿ, ಆಮೇಲೆ ಎತ್ತರವನ್ನು ಕೊಡತಕ್ಕದ್ದು. ಎಳೆದು ಗಾತ್ರವನ್ನು ಬದಲಿಸುವುದಾದರೆ ಮೂಲೆಯ ಹಿಡಿಯನ್ನು ಹಿಡಿಯಬೇಕು. ಪಕ್ಕದ ಹಿಡಿಯನ್ನು ಹಿಡಿದೆಳೆದರೆ ಮನುಷ್ಯನು ಕೊಡದ ರೂಪವನ್ನು ಯಂತ್ರವು ಮನುಷ್ಯನಿಗೆ ಕೊಡುತ್ತದೆ.

ಇನ್ನು ಓರಣದ ಮಾತು. ಕಣ್ಣಳತೆಯಿಂದ ಸಾಲು ಹಿಡಿಸುವ ಪ್ರಯತ್ನವು ವ್ಯರ್ಥಶ್ರಮ. ಚಿತ್ರವನ್ನು ಎಳೆಯುವಾಗ ಕೀಲಿಮಣೆಯ 'ಆಲ್ಟ್' ಕೀಲಿಯನ್ನು ಒತ್ತಿ ಹಿಡಿದರೆ, ಅದರ ಅಂಚು ಮನೆಯ ಗೆರೆಗೆ ತಾನಾಗಿ ಅಂಟಿಕೊಳ್ಳುತ್ತದೆ. 'ಶಿಫ್ಟ್' ಒತ್ತಿ ಎಳೆದರೆ ಅಡ್ಡಕ್ಕೋ ನೀಟಕ್ಕೋ ನೇರವಾಗಿ ಮಾತ್ರ ಸರಿಯುತ್ತದೆ. ಒಂದೆರಡು ಚಿತ್ರಗಳಿಗೆ ಇಷ್ಟು ಸಾಕು. ಹಲವಿದ್ದಲ್ಲಿ 'ಅಲೈನ್' ಎಂಬ ಪಟ್ಟಿಯ ಆಶ್ರಯವನ್ನು ಪಡೆಯಬೇಕು.

ಆ ಪಟ್ಟಿಯಲ್ಲಿ ಎರಡು ಜಾತಿಯ ಆಜ್ಞೆಗಳಿವೆ. ಇವುಗಳ ಭೇದವನ್ನು ಅರಿಯದೆ ಕೈಹಾಕಿದವರು ಪೇಚಿಗೆ ಸಿಕ್ಕುತ್ತಾರೆ. ಎಡಕ್ಕೆ, ನಡುವಿಗೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಎಂಬ ಆಜ್ಞೆಗಳು ಒಂದು ಜಾತಿ. ಇವು ಚಿತ್ರಗಳನ್ನು ಒಂದು ಗೆರೆಗೆ ತರುತ್ತವೆ. ಮತ್ತೊಂದು ದಿಕ್ಕನ್ನು ಮುಟ್ಟುವುದಿಲ್ಲ. ಕೆಳಕೆಳಗೆ ನಿಂತ ಮಕ್ಕಳ ಚಿತ್ರಗಳಿಗೆ 'ಎಡಕ್ಕೆ' ಎಂದರೆ ಎಡ ಅಂಚುಗಳು ಸಮವಾಗುತ್ತವೆ, ಸರಿ. ಅದೇ ಚಿತ್ರಗಳಿಗೆ ಮೈಮರೆತು 'ಮೇಲಕ್ಕೆ' ಎಂದರೆ, ಅಷ್ಟೂ ಮಕ್ಕಳು ಒಂದೇ ಮನೆಯಲ್ಲಿ ಒಬ್ಬರ ಮೇಲೊಬ್ಬರು ಬಂದು ನಿಲ್ಲುತ್ತಾರೆ! ಗಾಬರಿಪಡಬೇಕಾದುದಿಲ್ಲ, 'ಕಂಟ್ರೋಲ್' ಮತ್ತು 'ಜೆಡ್' ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಹಿಂದಿನ ಸ್ಥಿತಿಯು ಮರಳಿ ಬರುತ್ತದೆ.

'ಡಿಸ್ಟ್ರಿಬ್ಯೂಟ್' ಎಂಬುದು ಇನ್ನೊಂದು ಜಾತಿ. ಇದು ಸಮಾಂತರವಾಗಿ ಹಂಚುವ ಕ್ರಿಯೆ, ಮೂರಾದರೂ ಚಿತ್ರಗಳಿರಬೇಕು. ತುದಿಯ ಎರಡು ಚಿತ್ರಗಳು ಕದಲುವುದಿಲ್ಲ. ನಡುವಿನವು ಮಾತ್ರ ಸರಿದು, ಎಡೆಗಳೆಲ್ಲ ಸಮವಾಗುತ್ತವೆ. ಐವರು ದಾಸೋಹಿಗಳ ಚಿತ್ರಗಳನ್ನು ಅಡ್ಡಪುಟದಲ್ಲಿ ಒಂದೇ ಸಾಲಿಗೆ ನಿಲ್ಲಿಸಬೇಕೆನ್ನೋಣ. ಒಂದೊಂದರ ಅಗಲ ೩.೬ ಸೆಂಟಿಮೀಟರು, ಐದಕ್ಕೆ ೧೮. ಮೊದಲನೆಯದರ ಎಡ ಅಂಚಿನಿಂದ ಐದನೆಯದರ ಬಲ ಅಂಚಿಗೆ ೨೨ ಸೆಂಟಿಮೀಟರು ಇರುವಂತೆ ತುದಿಯವನ್ನು ಇಟ್ಟರೆ, ಉಳಿದ ನಾಲ್ಕು ಸೆಂಟಿಮೀಟರು ನಾಲ್ಕು ಎಡೆಗಳಿಗೆ ಒಂದೊಂದಾಗಿ ಹಂಚಿಹೋಗುತ್ತದೆ. ಐದರ ನಡುವೆ ಎಡೆಗಳು ನಾಲ್ಕೇ ಎಂಬುದನ್ನು ಮರೆತು ಐದರಿಂದ ಭಾಗಿಸುವವರು ವಿದ್ಯಾರ್ಥಿಗಳಲ್ಲಿ ಮಾತ್ರ ಇರುವರೆಂದು ತಿಳಿಯಬಾರದು. ಚುಕ್ಕಿಯಿಟ್ಟು ರಂಗೋಲಿ ಹಾಕುವ ಗೃಹಿಣಿಗೆ ಈ ಲೆಕ್ಕವು ಬೆರಳ ತುದಿಯಲ್ಲಿದೆ.

ಮಕ್ಕಳ ಪಟ್ಟಿಗೂ ಇದೇ ಉಪಾಯ. ಒಂದು ತರಗತಿಯ ಸಾಲುಗಳೆಲ್ಲ ಸಮಾನ ಎತ್ತರದವಾಗಿರಲಿ. ಮೊದಲನೆಯ ಹುಡುಗನ ಚಿತ್ರವನ್ನು ಮೊದಲ ಮನೆಯ ನಡುವೆಯೂ, ಕಡೆಯವನ ಚಿತ್ರವನ್ನು ಕಡೆಯ ಮನೆಯ ನಡುವೆಯೂ ಎಚ್ಚರದಿಂದ ಇಟ್ಟು, ಎಲ್ಲವನ್ನೂ ಆರಿಸಿ, ನಡುವಿಗೆ ತಂದು, ನೀಟವಾಗಿ ಹಂಚಬೇಕು. ಪ್ರತಿಯೊಂದೂ ತನ್ನ ಮನೆಗೆ ಹೋಗಿ ಸೇರುತ್ತದೆ. ತನ್ನ ಮನೆಗೆ ಎಂಬಲ್ಲಿ ಎಚ್ಚರ ಬೇಕು! ಹಂಚುವ ಯಂತ್ರವು ಹುಡುಗನ ಹೆಸರನ್ನು ಬಲ್ಲುದಲ್ಲ. ಆ ಹೊತ್ತಿಗೆ ಯಾವ ಚಿತ್ರವು ಯಾವುದರ ಕೆಳಗಿದೆಯೋ ಆ ಕ್ರಮವನ್ನೇ ಉಳಿಸಿಕೊಂಡು ಹೋಗುತ್ತದೆ. ಮೂವತ್ತು ಚಿತ್ರಗಳನ್ನು ಒಟ್ಟಿಗೆ ಸೇರಿಸಿದಾಗ ಅವು ರಾಶಿಯಾಗಿ ಬೀಳುವುದರಿಂದ, ಹಂಚುವ ಮೊದಲು ಮೇಲಿನಿಂದ ಕೆಳಕ್ಕೆ ಸರಿಯಾದ ಅನುಕ್ರಮದಲ್ಲಿ ಒರಟಾಗಿಯಾದರೂ ಬಿಡಿಸಿಡಬೇಕು. ಮುನ್ನೂರನ್ನೂ ಒಮ್ಮೆಗೇ ಹಿಡಿಯುವುದು ಅವಿವೇಕ. ತರಗತಿಗೊಂದಾವರ್ತಿ ಮಾಡುವುದೇ ಸರಿ.

ಚೌಕ, ವೃತ್ತ, ಬಾಣ ಮೊದಲಾದ ಆಕೃತಿಗಳಿಗೂ ಈ ವಿಧಿಗಳೇ ಅನ್ವಯಿಸುತ್ತವೆ. 'ಶಿಫ್ಟ್' ಒತ್ತಿ ಎಳೆದ ಅಂಡಾಕೃತಿಯು ವೃತ್ತವಾಗುತ್ತದೆ, ಆಯತವು ಚೌಕವಾಗುತ್ತದೆ. ಎರಡು ಚೌಕಗಳನ್ನು ಕೂಡಿಸುವ ಗೆರೆಯನ್ನು ಚೌಕದ ಅಂಚಿನ ಬಿಂದುವಿಗೆ ತಾಗಿಸಿ ಎಳೆದರೆ, ಚೌಕವು ಸರಿದಾಗ ಗೆರೆಯೂ ಹಿಂಬಾಲಿಸುತ್ತದೆ. ವಂಶವೃಕ್ಷಕ್ಕೂ ಗುರುಪರಂಪರೆಯ ಪಟಕ್ಕೂ ಇದು ಬಹೂಪಯೋಗಿ. ಮೇಲೆ ಕೆಳಗೆ ಎಂಬ ಪದರಗಳ ಭೇದ, ಹಲವನ್ನು ಒಂದು ಗುಂಪಾಗಿ ಕಟ್ಟುವುದು ಮುಂತಾದವು ಕೈಯಾಡಿಸಿದಂತೆ ತಿಳಿಯುತ್ತವೆ.

ಕತ್ತರಿಸಿದ ಚಿತ್ರಗಳ ಬಗೆಗೆ ಮಾತ್ರ ಇನ್ನೊಂದು ಎಚ್ಚರಿಕೆಯನ್ನು ಹೇಳದೆ ಬಿಡುವಂತಿಲ್ಲ. 'ಕ್ರಾಪ್' ಮಾಡಿದ ಭಾಗವು ಕಣ್ಣಿಗೆ ಮರೆಯಾಗುತ್ತದೆಯೇ ಹೊರತು ನಾಶವಾಗುವುದಿಲ್ಲ. ಮದುವೆಯ ಗುಂಪಿನಿಂದ ಹುಡುಗನೊಬ್ಬನ ಮುಖವನ್ನು ಎತ್ತಿಕೊಂಡರೆ, ಅವನ ಅಕ್ಕತಂಗಿಯರೂ ನೆಂಟರೂ ಆ ಕಡತದೊಳಗೆ ಗುಪ್ತವಾಗಿ ಉಳಿದಿರುತ್ತಾರೆ; ಕಡತವು ಯಾರ ಕೈ ಸೇರಿದರೂ ಅವರು ಮತ್ತೆ ತೆರೆದು ನೋಡಬಹುದು. 'ಕಂಪ್ರೆಸ್ ಪಿಕ್ಚರ್ಸ್' ಎಂಬಲ್ಲಿ ಕತ್ತರಿಸಿದ ಭಾಗಗಳನ್ನು ಅಳಿಸುವ ಆಯ್ಕೆಯಿದೆ. ಅದನ್ನು ಪ್ರಯೋಗಿಸಿದ ಮೇಲೆಯೇ ಪಟ್ಟಿಯನ್ನು ಹೊರಗೆ ಕಳುಹಿಸತಕ್ಕದ್ದು. ಇದರಿಂದ ಕಡತದ ಭಾರವೂ ಇಳಿಯುತ್ತದೆ. ಕೈಫೋನಿನ ಚಿತ್ರವೊಂದು ಮೂರು ಮೆಗಾಬೈಟೆಂದರೆ ಮುನ್ನೂರಕ್ಕೆ ಒಂಬೈನೂರು. ಅಂಥದನ್ನು ತೆರೆಯುವಷ್ಟರಲ್ಲಿ ಪಾಠದ ಗಂಟೆಯು ಮುಗಿದುಹೋಗಬಹುದು.

ಈಚೆಗೆ ಚಿತ್ರವನ್ನು ನಿಜವಾಗಿಯೂ ಮನೆಯ ಒಳಗೇ ಇಡುವ ಅನುಕೂಲವು ಬಂದಿದೆ. ಗೂಗಲ್ ಶೀಟ್ಸಿನಲ್ಲಿ ಮನೆಯೊಳಗೆ, ಮನೆಯ ಮೇಲೆ ಎಂಬ ಎರಡು ಬಗೆಗಳೂ ಉಂಟು. ಎಕ್ಸೆಲ್ಲಿನ ಹೊಸ ಆವೃತ್ತಿಯಲ್ಲಿ ೨೦೨೩ರಿಂದ 'ಪ್ಲೇಸ್ ಇನ್ ಸೆಲ್' ಎಂಬುದು ಸೇರಿದೆ. ಹೀಗೆ ಇಟ್ಟ ಚಿತ್ರವು ಹೆಸರಿನಂತೆಯೇ ಮನೆಯ ಸ್ವತ್ತು. ವಿಂಗಡಿಸಿದರೂ ಮರೆಮಾಡಿದರೂ ಅಗಲದು. ಹಳೆಯ ಆವೃತ್ತಿಗಳಲ್ಲಿ ಈ ಸೌಕರ್ಯವಿಲ್ಲ. ಬೆಲೆಯಿಲ್ಲದೆ ದೊರೆಯುವ ಲಿಬ್ರೆಆಫೀಸಿನಲ್ಲಿ 'ಆಂಕರ್' ಎಂಬ ಹೆಸರಿನಿಂದ ಚಿತ್ರವನ್ನು ಪುಟಕ್ಕೋ ಮನೆಗೋ ಕಟ್ಟಬಹುದು. ಅಲ್ಲಿಯೂ ಮಕ್ಕಳ ಚಿತ್ರವನ್ನು ಮನೆಗೇ ಕಟ್ಟಬೇಕು.

ಯಾವ ವಿಧಾನವನ್ನು ಅನುಸರಿಸಿದರೂ ಪರೀಕ್ಷೆಯು ತಪ್ಪದು. ಅದಕ್ಕೊಂದು ಸುಲಭೋಪಾಯವಿದೆ. ಎಕ್ಸೆಲ್ಲಿನಲ್ಲಿ ಮನೆಯ ಮೇಲೆ ಇಟ್ಟ ಪ್ರತಿಯೊಂದು ಚಿತ್ರಕ್ಕೂ ಯಂತ್ರವು 'ಪಿಕ್ಚರ್' ಎಂದು ಒಂದು ಅಂಕೆಯೊಡನೆ ತಾನೇ ಹೆಸರಿಟ್ಟಿರುತ್ತದೆ. ಚಿತ್ರವನ್ನು ಆರಿಸಿದಾಗ ಹಾಳೆಯ ಎಡಮೇಲ್ಭಾಗದ ಪೆಟ್ಟಿಗೆಯಲ್ಲಿ ಆ ಹೆಸರು ಕಾಣುತ್ತದೆ. ಅದನ್ನು ಅಳಿಸಿ, ಆ ಹುಡುಗನ ಪೂರ್ಣ ಹೆಸರಿನೊಡನೆ ಪ್ರವೇಶಸಂಖ್ಯೆಯನ್ನು ಬರೆದು 'ಎಂಟರ್' ಒತ್ತಬೇಕು. 'ಆಲ್ಟ್' ಮತ್ತು 'ಎಫ್ ೧೦' ಒತ್ತಿದರೆ ಹಾಳೆಯಲ್ಲಿರುವ ಚಿತ್ರಗಳ ಹೆಸರುಗಳೆಲ್ಲ ಪಕ್ಕದಲ್ಲಿ ಪಟ್ಟಿಯಾಗಿ ಬರುತ್ತವೆ. ಅಲ್ಲಿಯೂ ಹೆಸರನ್ನು ತಿದ್ದಬಹುದು. ಈಗ ಮುಖದೊಳಗೇ ಅದರ ಸಂಖ್ಯೆಯು ಅಡಗಿದಂತಾಯಿತು. ಪಟ್ಟಿಯನ್ನು ಎಷ್ಟು ಸಲ ವಿಂಗಡಿಸಿದರೂ, ಅನಂತರ ಅಲ್ಲೊಂದು ಇಲ್ಲೊಂದು ಚಿತ್ರವನ್ನು ಮುಟ್ಟಿ, ಪೆಟ್ಟಿಗೆಯ ಸಂಖ್ಯೆಯೂ ಸಾಲಿನ ಸಂಖ್ಯೆಯೂ ಒಂದೇ ಆಗಿವೆಯೇ ಎಂದು ನೋಡಿದರೆ ಸಾಕು. ಒಂದು ತಪ್ಪಿದ್ದರೂ ಉಳಿದವನ್ನು ನಂಬದೆ ಎಲ್ಲವನ್ನೂ ನೋಡಬೇಕು. ಮುದ್ರಣಕ್ಕೆ ಕೊಡುವ ಮುನ್ನ ಇಬ್ಬರು ಕುಳಿತು, ಒಬ್ಬರು ಪ್ರವೇಶಪುಸ್ತಕದಿಂದ ಸಂಖ್ಯೆಯನ್ನೂ ಹೆಸರನ್ನೂ ಗಟ್ಟಿಯಾಗಿ ಓದುತ್ತಿರಲು, ಮಕ್ಕಳ ಮುಖವನ್ನು ಬಲ್ಲ ಇನ್ನೊಬ್ಬರು ಚಿತ್ರವನ್ನು ನೋಡಿ ಹೌದೆನ್ನಬೇಕು. ಮುನ್ನೂರು ಹೆಸರಿಗೆ ಒಂದು ಮಧ್ಯಾಹ್ನದ ಕೆಲಸ. ಅಡುಗೆಮನೆಯ ಹಿರಿಯರಿಗೆ ಮಕ್ಕಳ ಮುಖವು ಗುಮಾಸ್ತನಿಗಿಂತ ಚೆನ್ನಾಗಿ ತಿಳಿದಿರುವುದುಂಟು, ಅವರನ್ನು ಕರೆಯಬಹುದು.